‘ಗೊತ್ತಿಲ್ಲ’ ಎನ್ನುವ ಧೈರ್ಯ

ತಜ್ಞ ವೈದ್ಯರಾಗಬೇಕಾದವರು ದಾಟಬೇಕಾದ ಕೊನೆಯ ಹೊಸ್ತಿಲು ಲಿಖಿತ ಪರೀಕ್ಷೆಯಲ್ಲ. ಮೂರು ವರ್ಷ ಕಲಿತ ವಿದ್ಯೆಯನ್ನು ಹಿರಿಯ ವೈದ್ಯರ ಮುಂದೆ ಬಾಯಿಮಾತಿನಲ್ಲಿ ಒಪ್ಪಿಸಬೇಕು. ಜನರಲ್ ಮೆಡಿಸಿನ್ ವಿಭಾಗದಲ್ಲಿ ಮೊದಲು ರೋಗಿಗಳನ್ನು ಪರೀಕ್ಷಿಸಿ, ಒಬ್ಬರ ಕುರಿತು ದೀರ್ಘವಾಗಿ, ಇನ್ನು ಕೆಲವರ ಕುರಿತು ಸಂಕ್ಷಿಪ್ತವಾಗಿ ವಿವರಿಸಬೇಕು. ಬಳಿಕ ಇಸಿಜಿ, ಎಕ್ಸ್‌ರೇ, ಔಷಧ ಮತ್ತು ಉಪಕರಣಗಳನ್ನು ಮುಂದಿಟ್ಟು ಪ್ರಶ್ನಿಸುತ್ತಾರೆ.

ಈ ಪರೀಕ್ಷೆಯ ದಿನಾಂಕ ತಿಳಿದಾಗ ನಮ್ಮ ಮೂವರು ಸಹಪಾಠಿಗಳಿಗೆ ಉಳಿದಿದ್ದುದು 12 ದಿನಗಳು ಮಾತ್ರ. ರಾತ್ರಿ ಪಾಳಿಯ ಕೆಲಸವೂ ತಪ್ಪಿರಲಿಲ್ಲ. ನಮ್ಮಲ್ಲೊಬ್ಬರ ಎರಡು ವರ್ಷದ ಮಗುವನ್ನು ಅತ್ತೆಯವರು ಊರಿಗೆ ಕರೆದೊಯ್ದರು. ಅನುತ್ತೀರ್ಣರಾದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಮಗನೋ ಮಗಳೋ ದುಡಿಯುವ ದಿನಕ್ಕಾಗಿ ಕಾಯುತ್ತಿದ್ದ ಮನೆಗಳು ನಮ್ಮವು.

ದಪ್ಪ ಗ್ರಂಥಗಳನ್ನು ಮೊದಲ ಪುಟದಿಂದ ಓದುವ ಆಸೆಯನ್ನು ನಾವು ಅಂದೇ ಕೈಬಿಟ್ಟೆವು. 12 ದಿನಗಳಲ್ಲಿ ವಿದ್ಯೆಯನ್ನು ಹೆಚ್ಚಿಸಿಕೊಳ್ಳುವುದು ಕಷ್ಟ. ಆದರೆ ಇರುವ ವಿದ್ಯೆಗೊಂದು ಕ್ರಮ ಕೊಡಬಹುದು. ಸುಬಹ್ ನಮಾಝ್‌ನ ಬಳಿಕ ಒಬ್ಬರು ಪರೀಕ್ಷಕರು, ಒಬ್ಬರು ಅಭ್ಯರ್ಥಿ, ಇನ್ನೊಬ್ಬರು ಕೇಳುಗರು. ಓದಿದ್ದನ್ನೆಲ್ಲ ಗಟ್ಟಿಯಾಗಿ ಹೇಳಲೇಬೇಕೆಂಬ ನಿಯಮ ಮಾಡಿಕೊಂಡೆವು. ಮನಸ್ಸಿನಲ್ಲಿ ಸ್ಪಷ್ಟವಾಗಿದ್ದ ವಿಷಯವೂ ನಾಲಿಗೆಗೆ ಬರುವಾಗ ತಡವರಿಸುತ್ತಿತ್ತು.

ಮೊದಲು ತುರ್ತು ಸಂದರ್ಭಗಳನ್ನು ಆರಿಸಿಕೊಂಡೆವು. ವಯಸ್ಕರಿಗೆ ಅಲರ್ಜಿಯಿಂದ ಪ್ರಾಣಾಪಾಯವಾದಾಗ 0.5 ಮಿ.ಗ್ರಾಂ. ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡಬೇಕು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಆಮ್ಲ ಏರಿದಾಗ ಪೊಟ್ಯಾಸಿಯಂ ಪ್ರಮಾಣ ನೋಡಿಕೊಂಡೇ ಇನ್ಸುಲಿನ್ ಆರಂಭಿಸಬೇಕು. ಇಂತಹ ಉತ್ತರಗಳಲ್ಲಿ ಕ್ರಮ ತಪ್ಪಿದರೆ ಹೋಗುವುದು ಅಂಕವಷ್ಟೇ ಅಲ್ಲ, ನಾಳೆ ಒಂದು ಜೀವವೂ ಹೋಗಬಹುದು.

ವಾರ್ಡಿನಲ್ಲಿದ್ದ ವೃದ್ಧರೊಬ್ಬರು ತಮ್ಮ ಹೊಟ್ಟೆಯನ್ನು ಪರೀಕ್ಷಿಸಲು ನಮಗೆ ಸಂತೋಷದಿಂದ ಒಪ್ಪಿದರು. ಗುಲ್ಮ ಕೈಗೆ ಸಿಗುತ್ತದೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು, ಹೇಳಲಾಗದೆಂದು ಮತ್ತೊಬ್ಬರು. ಅವರು ನಕ್ಕು, “ಹೊಟ್ಟೆ ಒಂದೇ ಅಲ್ವಾ ಮಕ್ಕಳೇ? ಇದ್ದದ್ದನ್ನು ಹೇಳಿ, ಸಾಕು” ಎಂದರು. ಯಾವ ಗ್ರಂಥವೂ ನಮಗೆ ಇಷ್ಟು ಚಿಕ್ಕದಾಗಿ ಈ ಪಾಠ ಹೇಳಿರಲಿಲ್ಲ.

ಮೌಖಿಕ ಪರೀಕ್ಷೆ ನಮ್ಮ ಪರಂಪರೆಗೆ ಹೊಸದೇನಲ್ಲ. ಇಮಾಮ್ ಬುಖಾರಿ(ರ) ಬಗ್ದಾದಿಗೆ ಬಂದಾಗ ಅಲ್ಲಿನ ವಿದ್ವಾಂಸರು ನೂರು ಹದೀಸ್‌ಗಳ ಪಠ್ಯ ಮತ್ತು ವರದಿಗಾರರ ಸರಣಿಗಳನ್ನು ಅದಲುಬದಲು ಮಾಡಿ, ಹತ್ತು ಮಂದಿಯ ಮೂಲಕ ಪ್ರಶ್ನಿಸಿದರೆಂಬ ಪ್ರಸಿದ್ಧ ವರದಿಯಿದೆ. ಪ್ರತಿಯೊಂದಕ್ಕೂ ಅವರು ‘ಇದು ನನಗೆ ಗೊತ್ತಿಲ್ಲ’ ಎಂದರು. ಎಲ್ಲರ ಸರದಿ ಮುಗಿದ ಬಳಿಕ, ಒಂದೊಂದನ್ನೂ ಅದರ ಸರಿಯಾದ ಸರಣಿಯೊಂದಿಗೆ ಜೋಡಿಸಿ ಹೇಳಿದರು. ಗೊತ್ತಿಲ್ಲವೆಂದು ಹೇಳಲು ಅಂಜದ ನಾಲಿಗೆಯೇ ಗೊತ್ತಿರುವುದನ್ನು ತಪ್ಪಿಲ್ಲದೆ ಹೇಳಿತು.

ಪರೀಕ್ಷೆಯ ದಿನ ನಮ್ಮಲ್ಲೊಬ್ಬರಿಗೆ ಅಪರೂಪದ ಕಾಯಿಲೆಯೊಂದರ ಪ್ರಶ್ನೆ ಎದುರಾಯಿತು. “ಗೊತ್ತಿಲ್ಲ ಸರ್. ಆದರೆ ಈ ರೋಗಿ ಇಂದು ರಾತ್ರಿ ಬಂದರೆ ಮೊದಲು ಉಸಿರಾಟ, ರಕ್ತದೊತ್ತಡ ನೋಡುತ್ತೇನೆ. ಕೂಡಲೇ ಹಿರಿಯರನ್ನು ಕರೆಯುತ್ತೇನೆ” ಎಂದರು. ಪರೀಕ್ಷಕರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ನಮ್ಮಲ್ಲಿ ಇಬ್ಬರು ಆ ಸಲವೇ ಉತ್ತೀರ್ಣರಾದರು. ಮೂರನೆಯವರಿಗೆ ಇನ್ನೊಂದು ಸರದಿ ಬೇಕಾಯಿತು. ಆಗ ಉಳಿದಿಬ್ಬರೂ ಸುಬಹ್‌ನ ಬಳಿಕ ಫೋನಿನಲ್ಲಿ ಪರೀಕ್ಷಕರಾಗಿ ಕುಳಿತೆವು.

ಮನೆಯಲ್ಲಿ ಪರೀಕ್ಷೆಗೆ ಸಿದ್ಧರಾಗುತ್ತಿರುವ ಮಕ್ಕಳಿದ್ದರೆ, ‘ಎಷ್ಟು ಓದಿದೆ?’ ಎಂದು ಕೇಳುವ ಬದಲು ‘ಓದಿದ್ದನ್ನು ನನಗೆ ಹೇಳು’ ಎಂದು ಎದುರು ಕುಳಿತುಕೊಳ್ಳೋಣ. ಅವರು ‘ಇದು ಗೊತ್ತಿಲ್ಲ’ ಎಂದಾಗ ಗದರದಿರೋಣ. ಆ ಮಾತನ್ನು ಮನೆಯಲ್ಲಿ ನಿರ್ಭಯವಾಗಿ ಆಡಲು ಕಲಿತವರು ನಾಳೆ ರೋಗಿಯ ಹಾಸಿಗೆಯ ಬಳಿ ಊಹೆಯನ್ನು ಜ್ಞಾನವೆಂದು ನಂಬಿಸಲಾರರು.