ಮಾಲ್‌ನೊಳಗೆ ಇಬ್ನ್ ಬತೂತಾ

ಗಲ್ಫ್ ಎಂದೊಡನೆ ನಮ್ಮ ಊರಿನವರ ಕಣ್ಣ ಮುಂದೆ ಬರುವುದು ಮಾಲ್‌ಗಳು. ರಜೆಯಲ್ಲಿ ಸತ್ತೇಗಾಲಕ್ಕೆ ಬಂದಾಗಲೆಲ್ಲ ನೆರೆಮನೆಯ ಹೆಂಗಸರು ಕೇಳುವ ಮೊದಲ ಪ್ರಶ್ನೆಯೂ ಅದೇ. “ದಿನಾ ಮಾಲ್‌ಗೆ ಹೋಗ್ತೀರಂತೆ, ಹೌದಾ?”

ದಿನಾ ಹೋಗುವುದಿಲ್ಲ ಸಹೋದರಿಯರೇ! ಆದರೆ ಬೇಸಿಗೆಯಲ್ಲಿ ದುಬೈಯಲ್ಲಿ ಮಕ್ಕಳನ್ನು ಕರೆದೊಯ್ಯಲು ಬೇರೆ ಜಾಗವಾದರೂ ಎಲ್ಲಿದೆ? ಹೊರಗೆ 45 ಡಿಗ್ರಿ ಸೆಕೆ. ಪಾರ್ಕಿನ ಜಾರುಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಒಂದೇ ಬೆಡ್‌ರೂಮಿನ ಫ್ಲಾಟಿನಲ್ಲಿ ಮಕ್ಕಳು ಓಡಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ವಿಮಾನದ ಟಿಕೆಟ್ ದರ ನೋಡಿದರೆ ಪ್ರತಿ ವರ್ಷ ಊರಿಗೆ ಬರುವ ಮಾತೇ ಇಲ್ಲ. ಹಾಗಾಗಿ ನಮ್ಮಂತಹವರ ಮಕ್ಕಳಿಗೆ ಮಾಲೇ ಬಯಲು, ಮಾಲೇ ಜಾತ್ರೆ. ತಂಪಾಗಿದೆ, ಶೌಚಾಲಯ ಶುಚಿಯಾಗಿದೆ, ಅಝಾನ್ ಕೇಳಿಸುತ್ತದೆ, ಹೆಂಗಸರಿಗೆ ನಮಾಝ್‌ಗೆ ಪ್ರತ್ಯೇಕ ಕೋಣೆಯಿದೆ. ಮಗುವನ್ನು ಕಟ್ಟಿಕೊಂಡು ತಿರುಗುವ ತಾಯಿಗೆ ಇವು ಸಣ್ಣ ಸೌಕರ್ಯಗಳಲ್ಲ.

ಕಷ್ಟವಿರುವುದು ಜೇಬಿನಲ್ಲಿ. ಅಬ್ಬಾನ ಸಂಬಳದಲ್ಲಿ ಬಾಡಿಗೆ, ಶಾಲೆಯ ಫೀಸು, ಊರಿಗೆ ಕಳಿಸುವ ಹಣ ಕಳೆದು ಉಳಿಯುವುದೆಷ್ಟು ಎಂಬುದು ಏಳು ವರ್ಷದ ಮಗನಿಗೆ ಹೇಗೆ ಗೊತ್ತಾಗಬೇಕು? ಆಟಿಕೆ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತ ಮಗುವನ್ನು ಎಳೆದೊಯ್ಯುವ ತಾಯಂದಿರನ್ನು ಅಲ್ಲಿ ಪ್ರತಿ ವಾರ ನೋಡಬಹುದು. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಹೊರಡುವ ಮುಂಚೆಯೇ ತಲಾ ಹತ್ತು ದಿರ್ಹಮ್ ಅವರ ಕೈಗೆ. ಐಸ್‌ಕ್ರೀಮ್ ತಿನ್ನಲಿ, ಕೂಡಿಡಲಿ, ಮತ್ತೆ ಕೇಳುವಂತಿಲ್ಲ. ಮಗಳು ಕೂಡಿಡುತ್ತಾಳೆ. ಮಗ ಬಾಗಿಲಲ್ಲೇ ಮುಗಿಸುತ್ತಾನೆ!

ನೀವು ಎಂದಾದರೂ ಮಕ್ಕಳೊಂದಿಗೆ ದುಬೈಗೆ ಬಂದರೆ ಇಷ್ಟು ನೆನಪಿಡಿ. 2008ರಲ್ಲಿ ತೆರೆದ ದುಬೈ ಮಾಲ್‌ನ ಮೀನಿನ ತೊಟ್ಟಿ ಒಂದು ಕೋಟಿ ಲೀಟರ್ ನೀರಿನದು. ಅದರ ಒಳಗಿನ ಸುರಂಗಕ್ಕೆ ಟಿಕೆಟ್ ಬೇಕು. ಆದರೆ ಮುಂದಿನ ದೊಡ್ಡ ಗಾಜಿನ ಎದುರು ಎಷ್ಟು ಹೊತ್ತು ನಿಂತರೂ ಯಾರೂ ಕಾಸು ಕೇಳುವುದಿಲ್ಲ. ಶಾರ್ಕ್ ಅಲ್ಲಿಂದಲೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಮಾಲ್ ಆಫ್ ದಿ ಎಮಿರೇಟ್ಸ್‌ನ ಹಿಮದ ಇಳಿಜಾರೂ ಹಾಗೆಯೇ, ಗಾಜಿನಾಚೆಯಿಂದ ಪುಕ್ಕಟೆ.

ಆದರೆ ನನ್ನನ್ನು ಕೇಳಿದರೆ ಮೊದಲು ಇಬ್ನ್ ಬತೂತಾ ಮಾಲ್‌ಗೆ ಹೋಗಿ. ಮೆಟ್ರೋದ ಕೆಂಪು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. 1325ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ, ಮೊರಾಕ್ಕೋದ ತಾಂಜೀರ್‌ನಿಂದ ಹಜ್ಜ್‌ಗೆಂದು ಹೊರಟು ಜಗತ್ತನ್ನೇ ಸುತ್ತಿದ ಆ ಪ್ರವಾಸಿಯ ಹೆಸರಿನಲ್ಲಿ 2005ರಲ್ಲಿ ತೆರೆದ ಮಾಲ್ ಇದು. ಅಂದಲೂಸಿಯಾ, ಟ್ಯುನೀಷಿಯಾ, ಈಜಿಪ್ಟ್, ಪರ್ಶಿಯಾ, ಭಾರತ, ಚೀನಾ ಎಂದು ಆರು ಅಂಗಳಗಳು. ಒಂದು ತುದಿಯಿಂದ ಇನ್ನೊಂದಕ್ಕೆ ಕಿಲೋಮೀಟರಿಗೂ ಹೆಚ್ಚು ನಡಿಗೆ. ಮಕ್ಕಳ ಕಾಲಿಗೆ ಬೇಕಾದದ್ದೂ ಅದೇ.

ಭಾರತದ ಅಂಗಳದಲ್ಲಿ ಆನೆ ಗಡಿಯಾರವಿದೆ. 1206ರಲ್ಲಿ ಅಲ್ ಜಝರಿ ಎಂಬ ಮುಸ್ಲಿಮ್ ತಂತ್ರಜ್ಞರು ಬರೆದ ಗ್ರಂಥದಲ್ಲಿರುವ ಯಂತ್ರದ ಮಾದರಿ ಅದು. ಆನೆಯ ಹೊಟ್ಟೆಯೊಳಗಿನ ನೀರಿನಲ್ಲಿ ತೂತಿರುವ ಬಟ್ಟಲು ಮೆಲ್ಲಗೆ ಮುಳುಗುತ್ತದೆ. ಅರ್ಧ ಗಂಟೆಗೆ ಪೂರ್ತಿ ಮುಳುಗಿದಾಗ ಮೇಲಿನಿಂದ ಗುಂಡು ಬೀಳುತ್ತದೆ, ಹಕ್ಕಿ ಸಿಳ್ಳು ಹಾಕುತ್ತದೆ, ಮಾವುತ ಆನೆಯನ್ನು ಹೊಡೆಯುತ್ತಾನೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಿರುವ ಸೀಮೆಯಿಂದ ಬಂದ ನಮಗೆ ಆನೆ ಹೊಸದಲ್ಲ, ಆದರೆ ಸಮಯ ಹೇಳುವ ಆನೆ ಹೊಸದು!

ಅಲ್ಲಿ ನಿಂತು ಮಗಳಿಗೆ ಹೇಳಿದ್ದನ್ನು ನಿಮಗೂ ಹೇಳಬೇಕು. ಈ ಇಬ್ನ್ ಬತೂತಾ ನಮ್ಮ ಕರ್ನಾಟಕದ ಕರಾವಳಿಗೂ ಬಂದಿದ್ದರು. 1340ರ ದಶಕದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ನೋಡಿದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ತಮ್ಮ ಪ್ರವಾಸ ಕಥನದಲ್ಲಿ ಹೇಳಿದ್ದಾರೆ. ಏಳು ಶತಮಾನಗಳ ಹಿಂದೆ ಕನ್ನಡ ನಾಡಿನ ಒಂದು ಪಟ್ಟಣದಲ್ಲಿ ಹುಡುಗಿಯರಿಗೇ 13 ಶಾಲೆಗಳು! ಹೆಣ್ಣುಮಕ್ಕಳ ಓದನ್ನು ಹತ್ತನೇ ತರಗತಿಗೆ ನಿಲ್ಲಿಸುವ ಮಾತು ಬಂದಾಗಲೆಲ್ಲ ನನಗೆ ಈ ಸಂಖ್ಯೆ ನೆನಪಾಗುತ್ತದೆ. ಮಗಳು ಕೇಳಿದಳು, “ಅಮ್ಮೀ, ಇದನ್ನು ಇಲ್ಲಿ ಗೋಡೆ ಮೇಲೆ ಯಾಕೆ ಬರೆದಿಲ್ಲ?” ಅಂಗಡಿಯವರಿಗೆ ಅದರಿಂದೇನು ಲಾಭ ಹೇಳಿ.

ಮಾಲ್‌ನಲ್ಲಿ ಬೆಳೆದ ಮಕ್ಕಳನ್ನು ಊರಿಗೆ ಕರೆತಂದಾಗ ಬೇರೆಯೇ ಕಥೆ. “ಇಲ್ಲಿ ಏನೂ ಇಲ್ಲ” ಎಂದು ಮೊದಲ ದಿನವೇ ಮುಖ ಊದಿಸಿಕೊಳ್ಳುತ್ತಾರೆ. ದಾದಿಯ ಮುಖ ಸಣ್ಣದಾಗುತ್ತದೆ. ಆ ಮಾತು ಮಕ್ಕಳಿಗೆ ಒಂದು ನಿಮಿಷದ್ದು, ವರ್ಷಗಟ್ಟಲೆ ಕಾದು ಕುಳಿತವರಿಗೆ ಹಾಗಲ್ಲ. ಪುಣ್ಯಕ್ಕೆ ಅಲ್ಲಿನ ಶಾಲೆಗಳ ರಜೆ ಜುಲೈ, ಆಗಸ್ಟ್‌ನಲ್ಲಿ. ಕಾವೇರಿ ತುಂಬಿ ಹರಿಯುವ ಕಾಲ. ಸತ್ತೇಗಾಲದ ಹತ್ತಿರವೇ ಇರುವ ಭರಚುಕ್ಕಿಗೆ ದಾದಿಯೇ ಕರೆದೊಯ್ದರು. ದಾರಿಯಲ್ಲಿ ಶಿವನಸಮುದ್ರದ ದರ್ಗಾ, ಹಳೆಯ ಕಲ್ಲಿನ ಸೇತುವೆ. ಮುಂದೆ ಅರ್ಧಚಂದ್ರಾಕಾರದ ಬಂಡೆಯ ಉದ್ದಕ್ಕೂ ಧುಮುಕುವ ನೀರು. ಮುಖಕ್ಕೆ ತುಂತುರು ಸಿಡಿದಾಗ ಮಗ ಬಾಯಿ ತೆರೆದು ನಿಂತ. ಸ್ವಲ್ಪ ಹೊತ್ತಿಗೆ ಗಂಭೀರವಾಗಿ ಕೇಳಿದ, “ದಾದೀ, ಇದನ್ನು ಎಷ್ಟು ಗಂಟೆಗೆ ಆಫ್ ಮಾಡ್ತಾರೆ?”

ದಾದಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆದರೆ ಅವನ ಪ್ರಶ್ನೆಯಲ್ಲೂ ಹುರುಳಿದೆ. ಇಲ್ಲಿನ ಹೊಳೆಯ ನೀರನ್ನು ತಿರುಗಿಸಿ 1902ರಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ಅದು ಮೊದಲು ಹೋದದ್ದು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೇಸಿಗೆಯಲ್ಲಿ ಬಂದರೆ ಇಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಬರೀ ಬಂಡೆ. ಮಕ್ಕಳನ್ನು ಕರೆತರುವುದಾದರೆ ಮಳೆಗಾಲದಲ್ಲೇ ಬನ್ನಿ, ಒಂದು ಜೊತೆ ಒಣಬಟ್ಟೆ ಜೊತೆಗಿರಲಿ.