ಶಿರಾಡಿ ಏರಿನಲ್ಲಿ ಉಸಿರು ಕಟ್ಟುವ ಲಾರಿ

ಕಾರಿನಲ್ಲಿ ಹೋಗುವವರಿಗೆ ಶಿರಾಡಿ ಘಾಟ್ ಅಂದರೆ ಮಳೆ, ಮಂಜು, ದಾರಿ ಪಕ್ಕದ ಪುಟ್ಟ ಜಲಪಾತ, ಒಂದೆರಡು ಸೆಲ್ಫಿ. ಲೋಡ್ ಹೊತ್ತು ಮಂಗಳೂರಿನಿಂದ ಮೇಲೆ ಬರುವ ಲಾರಿಯವರಿಗೆ ಅದು ಬರೀ ಏರು. ಗುಂಡ್ಯ, ಕೆಂಪುಹೊಳೆ, ಮಾರನಹಳ್ಳಿ, ದೋಣಿಗಾಲ್, ಆಮೇಲೆ ಸಕಲೇಶಪುರ. ಇವು ಅವರಿಗೆ ಊರುಗಳಲ್ಲ, ಗೇರಿನ ಲೆಕ್ಕ. ಎಲ್ಲಿ ಮೂರನೇ ಗೇರು, ಎಲ್ಲಿ ಎರಡನೇದು ಅನ್ನೋದು ಕೈಗೇ ಗೊತ್ತಿರುತ್ತೆ.

ಬೆಂಗಳೂರು-ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಘಟ್ಟ ಇಳಿಯೋದು ಇಲ್ಲೇ. ಬಂದರಿನ ಸರಕು ಒಳನಾಡಿಗೆ ಬರೋದೂ ಹೆಚ್ಚಾಗಿ ಇದೇ ದಾರಿಯಲ್ಲಿ. ಹೆಗ್ಗದ್ದೆಯಿಂದ ಅಡ್ಡಹೊಳೆವರೆಗಿನ ಸುಮಾರು 26 ಕಿ.ಮೀ. ರಸ್ತೆಗೆ 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ಅಂತ ಕಾಂಕ್ರೀಟ್ ಹಾಕಿದರು. ಎರಡೂ ಸಲ ತಿಂಗಳುಗಟ್ಟಲೆ ರಸ್ತೆ ಬಂದ್. ಈಗ ರಸ್ತೆ ಗಟ್ಟಿಯಾಗಿದೆ, ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿಯೋದು ನಿಂತಿಲ್ಲ. ಇಂಥ ಕಡೆ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಹಿಂದೆ ಕಿಲೋಮೀಟರ್ ಉದ್ದದ ಸಾಲು. ಆ ಸಾಲಿನಲ್ಲಿ ಹಾಸನದ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸೂ ಸಿಕ್ಕಿಕೊಳ್ಳಬಹುದು.

ಹಾಗೆ ನಿಲ್ಲುತ್ತಿದ್ದ ಲಾರಿಗಳಲ್ಲಿ ನಮ್ಮ ಮಾವನದೂ ಒಂದು. ಹಾಸನದಿಂದ ಶುಂಠಿ ಇಳಿಸಿಕೊಂಡು ಹೋಗಿ, ಮಂಗಳೂರಿನಿಂದ ಗೊಬ್ಬರ ಹತ್ತಿಸಿಕೊಂಡು ಬರೋ ಹಳೇ ಆರು ಚಕ್ರದ ಗಾಡಿ. ಸೆನ್ಸರ್, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದ್ದು. ಏರಿನಲ್ಲಿ ಇದ್ದಕ್ಕಿದ್ದಂತೆ ಪಿಕಪ್ ಬೀಳುತ್ತೆ, ಎಕ್ಸಲೇಟರ್ ಎಷ್ಟು ತುಳಿದರೂ ಎಳೆಯಲ್ಲ, ಅರ್ಧ ನಿಮಿಷದಲ್ಲಿ ಎಂಜಿನ್ ಸತ್ತುಹೋಗುತ್ತೆ. ಕ್ಲೀನರ್ ಹುಡುಗ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡಬೇಕು. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡೋದೇ ಎಂಜಿನ್ನಿಂದ, ಅದು ನಿಂತರೆ ಪವರ್ ಸ್ಟೇರಿಂಗೂ ಕಲ್ಲಾಗುತ್ತೆ. ಆದರೆ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಸ್ಟಾರ್ಟ್!

ಡೀಸೆಲ್ ಫಿಲ್ಟರ್ ಬದಲಾಯಿಸಿದ್ದಾಯ್ತು. ಹಾಸನದ ಒಂದು ಗ್ಯಾರೇಜಿನಲ್ಲಿ "ಪಂಪ್ ಇಳಿಸಬೇಕು, ನಲವತ್ತು ಸಾವಿರ ಇಟ್ಕೊಳ್ಳಿ" ಅಂದರು. ಆ ತಿಂಗಳು ಮಾವನ ಮಗಳ ಕಾಲೇಜು ಫೀಸ್ ಕಟ್ಟಬೇಕಿತ್ತು. ದುಡ್ಡು ಹಾಕಿದ ಮೇಲೂ ಗಾಡಿ ನಿಂತರೆ? ಮಾವ ರಾತ್ರಿ ಫೋನ್ ಮಾಡಿ ಕೇಳಿದ್ದು ಅದನ್ನೇ. "ನೀನು ಇಂಜಿನಿಯರ್ ಅಲ್ವೇನೋ, ಒಂದ್ ಟ್ರಿಪ್ ಜೊತೆಗೆ ಬಾ."

ನಾನು ಸಾಫ್ಟ್‌ವೇರಿನವನು, ಡೀಸೆಲ್ ಎಂಜಿನ್ ಓದಿದ್ದು ಪರೀಕ್ಷೆಗೆ ಮಾತ್ರ. ಆದರೆ ಬಂದು ಹೋಗೋ ತೊಂದರೆ ಅಂದ್ರೆ ಏನು ಅಂತ ನಮಗೂ ಗೊತ್ತು. ಹುಡುಕೋಕೆ ಕೂತರೆ ಬರಲ್ಲ, ಎದ್ದು ಊಟಕ್ಕೆ ಹೋದರೆ ಬರುತ್ತೆ. ಅದಕ್ಕೆ ಮದ್ದು ಒಂದೇ: ಯಾವಾಗ, ಎಲ್ಲಿ ಅಂತ ಬರೆದಿಡೋದು. ಮಾವ ಡೀಸೆಲ್, ಟೋಲ್ ಲೆಕ್ಕಕ್ಕೆ ಒಂದು ಡೈರಿ ಇಟ್ಟಿದ್ದರು. ಅದನ್ನು ಹಿಡಿದು ನೆನಪು ಮಾಡಿಸಿ ಬರೆಸಿದೆ. ಒಟ್ಟು ಆರು ಸಲ. ಆರೂ ಸಲ ಮೇಲೆ ಬರುವಾಗ, ಆರೂ ಸಲ ಲೋಡ್ ಇದ್ದಾಗ, ಎಲ್ಲವೂ ಗುಂಡ್ಯಕ್ಕೂ ದೋಣಿಗಾಲಿಗೂ ನಡುವೆ. ಇಳಿಯುವಾಗ ಒಮ್ಮೆಯೂ ಇಲ್ಲ, ಹಾಸನದ ಬಯಲಿನಲ್ಲೂ ಇಲ್ಲ. ಅಂದರೆ ಎಂಜಿನ್ ಅತಿ ಹೆಚ್ಚು ಡೀಸೆಲ್ ಕೇಳೋ ಕಡೆಯೇ ಅದು ಕೈ ಕೊಡುತ್ತಿದೆ.

ಗೊಬ್ಬರ ಹತ್ತಿಸಿಕೊಂಡು ವಾಪಸ್ ಬರುವಾಗ ನೆಲ್ಯಾಡಿಯಲ್ಲಿ ಮಾವನಿಗೆ ಪರಿಚಯದ ಮೇಸ್ತ್ರಿಯೊಬ್ಬರ ಬಳಿ ನಿಲ್ಲಿಸಿದೆವು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ, ಮೊದಲು ಪ್ರಶ್ನೆ.

"ಒಮ್ಮೆಲೇ ಬಂದ್ ಆಗ್ತದಾ, ನಿಧಾನಕ್ಕಾ?"

ನಿಧಾನಕ್ಕೆ. ಹಾಗಾದರೆ ವೈರಿನ ದೋಷ ಇರಲಿಕ್ಕಿಲ್ಲ, ವೈರ್ ಬಿಟ್ಟರೆ ದೀಪ ಆರಿದ ಹಾಗೆ ತಟ್ಟನೆ ನಿಲ್ಲುತ್ತದೆ ಅಂದರು.

"ಎಳೆಯದಿದ್ದಾಗ ಹೊಗೆ ಕಪ್ಪು ಬರ್ತದಾ?"

ಇಲ್ಲ, ಇದ್ದ ಹೊಗೆಯೂ ಕಮ್ಮಿಯಾಗುತ್ತೆ. ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲದು, ಏರ್ ಫಿಲ್ಟರ್ ನೋಡಬೇಕು. ಹೊಗೆಯೇ ಇಲ್ಲದೆ ಸೋತರೆ ಡೀಸೆಲ್ ಸಾಲದು.

"ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದೀರಾ?"

ಮಾವ ನೋಡಿದ್ದರು. ಮುಚ್ಚಳದ ಗಾಳಿ ತೂತು ಕಟ್ಟಿದರೆ, ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತವಾಗಿ ಪಂಪಿಗೆ ಎಳೆಯಲು ಆಗುವುದಿಲ್ಲ. ಹಾಗಿದ್ದರೆ ಮುಚ್ಚಳ ತೆಗೆದಾಗ 'ಸುಂಯ್' ಅಂತ ಗಾಳಿ ಒಳಗೆ ಹೋಗುವ ಶಬ್ದ ಬರಬೇಕು. ಬಂದಿರಲಿಲ್ಲ. ಮುಚ್ಚಳ ಸಡಿಲ ಬಿಟ್ಟು ಓಡಿಸಿದಾಗಲೂ ಗಾಡಿ ನಿಂತಿತ್ತು.

"ನಿಂತ ಮೇಲೆ ಸ್ಟಾರ್ಟ್ ಮಾಡ್ಲಿಕ್ಕೆ ಹ್ಯಾಂಡ್ ಪಂಪ್ ಹೊಡೀಬೇಕಾ?"

ಬೇಡ. ಪೈಪಿನಲ್ಲಿ ಗಾಳಿ ಹಿಡಿಯುತ್ತಿದ್ದರೆ ನಿಂತ ಮೇಲೆ ಸ್ಟಾರ್ಟ್ ಆಗೋದು ಇನ್ನೂ ಕಷ್ಟವಾಗಬೇಕಿತ್ತು. ಇದು ವಿಶ್ರಾಂತಿ ಕೊಟ್ಟರೆ ಸುಲಭವಾಗಿ ಏಳುತ್ತಿದೆ.

ಉಳಿದಿದ್ದು ಎರಡು. ಸವೆದ ಪಂಪ್ ಬಿಸಿಯಾದಾಗ ಸೋತು ತಣ್ಣಗಾದಾಗ ಏಳುವುದೂ ಉಂಟು, ಹಾಗಾಗಿ ಹಾಸನದ ಗ್ಯಾರೇಜಿನವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಇಲ್ಲವಾದರೆ ಟ್ಯಾಂಕಿನೊಳಗೆ ಏನೋ ಇದೆ. ಎಂಜಿನ್ ಜೋರಾಗಿ ಎಳೆದಾಗ ಅದು ಪೈಪಿನ ಬಾಯಿಗೆ ಅಂಟಿಕೊಳ್ಳುತ್ತೆ, ಎಂಜಿನ್ ನಿಂತಾಗ ಬಿಟ್ಟುಕೊಂಡು ತೇಲಿ ಹೋಗುತ್ತೆ.

"ಪಂಪಿಗೆ ಕೈ ಹಾಕುವುದು ಕಡೆಗೆ ಮಾರಾಯ್ರೇ. ಒಮ್ಮೆ ಕ್ಯಾನಿನಲ್ಲಿ ಓಡಿಸಿ ನೋಡುವ" ಅಂದರು ಮೇಸ್ತ್ರಿ. 20 ಲೀಟರಿನ ಶುದ್ಧ ಕ್ಯಾನಿಗೆ ಡೀಸೆಲ್ ತುಂಬಿ, ಕ್ಯಾಬಿನ್ ಹಿಂದೆ ಅಲ್ಲಾಡದ ಹಾಗೆ ಕಟ್ಟಿದರು. ಟ್ಯಾಂಕಿನ ಪೈಪ್ ಬಿಚ್ಚಿ, ಕ್ಯಾನಿನಿಂದ ಫೀಡ್ ಪಂಪಿಗೆ ಒಳಗೆ ಕಾಣುವಂಥ ಪೈಪ್ ಕೊಟ್ಟರು. ಎಂಜಿನ್ ಬಳಸದೆ ವಾಪಸ್ ಕಳಿಸುವ ಡೀಸೆಲ್ಲಿನ ಪೈಪನ್ನೂ ಕ್ಯಾನಿಗೇ ತಿರುಗಿಸಿದರು, ಇಲ್ಲದಿದ್ದರೆ ಕ್ಯಾನ್ ಬೇಗ ಬರಿದಾಗುತ್ತೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಅರ್ಧ ಮಾಡಿ ಹುಡುಕೋದು ಅಂತೀವಿ. ಅದೇ ಏರು, ಅದೇ ಲೋಡ್, ಅದೇ ಬಿಸಿ, ಅದೇ ಪಂಪ್. ಬದಲಾಗಿದ್ದು ಟ್ಯಾಂಕ್ ಮಾತ್ರ.

ಗುಂಡ್ಯದಲ್ಲಿ ಸುಬ್ರಹ್ಮಣ್ಯದ ದಾರಿ ಬೇರೆಯಾಯಿತು, ನಾವು ಹತ್ತತೊಡಗಿದೆವು. ಡೈರಿ ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ಕೆಂಪುಹೊಳೆ ಬಂಡೆಗಳ ನಡುವೆ ಕೆಳಕ್ಕೆ, ನಾವು ಎರಡನೇ ಗೇರಿನಲ್ಲಿ ಮೇಲಕ್ಕೆ. ಈ ಕಾಡಿನೊಳಗೇ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ರೈಲು ದಾರಿಯ 57 ಸುರಂಗಗಳಿವೆ. ಮಾವನಿಗೆ ಅದ್ಯಾವುದೂ ಬೇಡ, ಕಿವಿಯೆಲ್ಲ ಎಂಜಿನ್ ಮೇಲೆ. ಮೊದಲ ಸಲ ನಿಂತ ತಿರುವು ಬಂತು, ಹೋಯಿತು. ಎರಡನೇದು ಹೋಯಿತು. ಮಾರನಹಳ್ಳಿ ಹತ್ತಿರ ಎರಡು ಸಲ ನಿಂತಿದ್ದ ಜಾಗದಲ್ಲಿ ಕ್ಲೀನರ್ ಹುಡುಗ ಬಾಗಿಲಿನ ಹಿಡಿಗೆ ಕೈ ಇಟ್ಟುಕೊಂಡೇ ಕೂತಿದ್ದ, ಇಳಿಯಬೇಕಾಗಿ ಬರಲಿಲ್ಲ. ದೋಣಿಗಾಲ್ ದಾಟಿದಾಗ ಮಾವ ಮೊದಲ ಸಲ ನನ್ನ ಕಡೆ ತಿರುಗಿ "ಟೀ ಕುಡಿಯೋಣವೇನೋ" ಅಂದರು.

ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು, ಒಂದು ಸಲ ನಿಲ್ಲಲಿಲ್ಲ ಅಂತ ನಂಬಬೇಡಿ, ಟ್ಯಾಂಕ್ ಬಿಚ್ಚಿ ಕಣ್ಣಲ್ಲಿ ನೋಡಿ ಅಂತ. ಮರುದಿನ ಹಾಸನದಲ್ಲಿ ಟ್ಯಾಂಕ್ ಇಳಿಸಿದರೆ ತಳದಲ್ಲಿ ನೀರು, ಕಪ್ಪು ಲೋಳೆ, ಜೊತೆಗೆ ಎರಡು ಬೆರಳಗಲದ ಪ್ಲಾಸ್ಟಿಕ್ ಹಾಳೆಯ ತುಂಡು. ಯಾವಾಗಲೋ ಕ್ಯಾನಿನಿಂದ ಡೀಸೆಲ್ ಸುರಿಯುವಾಗ ಬಿದ್ದಿರಬೇಕು. ಟ್ಯಾಂಕ್ ತೊಳೆದು, ಹಳೇ ಹೋಸ್, ವಾಷರ್ ಬದಲಾಯಿಸಿದ್ದಕ್ಕೆ ಮೂರು ಸಾವಿರವೂ ಆಗಲಿಲ್ಲ. ಪಂಪ್ ಇದ್ದಲ್ಲೇ ಇದೆ. ಆಮೇಲೆ ಎಂಟು ಟ್ರಿಪ್ ಆಗಿದೆ, ಡೈರಿಯಲ್ಲಿ ಡೀಸೆಲ್, ಟೋಲ್ ಬಿಟ್ಟು ಬೇರೇನೂ ಬರೆದಿಲ್ಲ.

ನಿಮ್ಮ ಮನೆಯ ಹಳೇ ಗಾಡಿಯೂ ಹೀಗೆ ಆಟ ಆಡಿಸುತ್ತಿದ್ದರೆ ಗ್ಯಾರೇಜಿಗೆ ಹೋಗೋ ಮೊದಲು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ: ಏರೋ ಬಯಲೋ, ಲೋಡ್ ಇತ್ತೋ ಇಲ್ಲವೋ, ತಟ್ಟನೆ ನಿಂತಿತೋ ನಿಧಾನವಾಗಿಯೋ, ಹೊಗೆಯ ಬಣ್ಣ ಏನು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು. ಒಳ್ಳೇ ಮೇಸ್ತ್ರಿಗೆ ಅಷ್ಟು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಶಿರಾಡಿಯಲ್ಲಿ ನಿಮ್ಮ ಮುಂದಿನ ಲಾರಿ ನಿಂತುಬಿಟ್ಟರೆ ಹಾರ್ನ್ ಹೊಡೆಯಬೇಡಿ, ಬಂಪರಿಗೆ ಅಂಟಿಕೊಂಡು ನಿಲ್ಲಲೂಬೇಡಿ. ಹಿಂದಕ್ಕೆ ಜಾರಿದರೆ ಅಂತ ಒಂದು ಲಾರಿಯುದ್ದ ಜಾಗ ಬಿಡಿ, ಹಜಾರ್ಡ್ ಲೈಟ್ ಹಾಕಿ. ಕಾಣದ ತಿರುವಿನಲ್ಲಿ ಬಲಕ್ಕೆ ನುಗ್ಗಬೇಡಿ, ಎದುರಿನಿಂದ ಆಂಬುಲೆನ್ಸ್ ಬರುತ್ತಿರಬಹುದು. ಹತ್ತು ನಿಮಿಷ ಕಾಯಿರಿ, ಕಾರಿನ ಗ್ಲಾಸ್ ಇಳಿಸಿದರೆ ಹೊಳೆಯ ಸದ್ದು ಕೇಳಿಸುತ್ತೆ.