ಅಪ್ಪ ಹಾಕಿದ ನೀರು

ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲಿ ಓಡಾಡಿದವರಿಗೆ ಖಂಬಾಟ್ಕಿ ಘಾಟಿನ ಪರಿಚಯ ಮಾಡಿಕೊಡಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಬಿಸಿಲಲ್ಲಿ, ಅಲ್ಲಿಯ ಏರು ಅರ್ಧ ಹತ್ತಿದಾಗ ನಮ್ಮ ಕಾರಿನ ಟೆಂಪರೇಚರ್ ಮುಳ್ಳು ಸರಸರನೆ ಮೇಲೇರಿತು. ಎಸಿ ಬಂದ್ ಮಾಡಿ, ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿದೆ. ಅಷ್ಟರಲ್ಲಿ ಅಪ್ಪ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದರು.

"ಬ್ಯಾಡ್ರೀ ಅಪ್ಪಾ, ಉಗಿ ಮಾರಿಗೆ ಹೊಡೀತೈತಿ!"

"ಮೂವತ್ತು ವರ್ಷ ಬಸ್ ಹೊಡ್ದೀನಿ, ನನಗ ಹೇಳಾಕ ಬಂದ್ಯಾ?" ಎಂದರು. ಆದರೂ ಕೈ ತೆಗೆದರು. ಒಂದು ತಾಸು ಕಾದು, ನೀರು ಹಾಕಿ, ನಿಧಾನವಾಗಿ ಪುಣೆಗೇ ಮರಳಿದೆವು. ಊರಿನ ಮದುವೆ ತಪ್ಪಿತು.

ಅವ್ವ ಹೋದ ಮೇಲೆ ಅಪ್ಪ ನಮ್ಮ ಜೊತೆ ಪುಣೆಗೆ ಬಂದರು. ಮರಾಠಿ ಬಾರದು, ಹೊತ್ತು ಹೋಗದು. ದಿನಾ ಬೆಳಿಗ್ಗೆ ಕಾರು ಒರೆಸಿ, ಬಾನೆಟ್ ತೆಗೆದು, ಕೋಲಂಟ್ ಡಬ್ಬಿಯಲ್ಲಿ ಕಡಿಮೆಯಾದಷ್ಟು ಸೊಸೈಟಿ ನಲ್ಲಿಯ ನೀರು ತುಂಬುತ್ತಿದ್ದರು. ಅದು ಬೋರ್‌ವೆಲ್ಲಿನ ಗಡಸು ನೀರು. ನನಗೆ ಗೊತ್ತಿತ್ತು. ಅವರಿಗೊಂದು ಕೆಲಸವಿರಲಿ ಎಂದು ಸುಮ್ಮನಿದ್ದೆ. ಹಾಗಾಗಿ ತಪ್ಪು ಅವರಿಗಿಂತ ನನ್ನದೇ ಹೆಚ್ಚು.

ಮುಂದಿನ ಭಾನುವಾರ ಪಾರ್ಕಿಂಗಿನಲ್ಲಿ ಇಬ್ಬರೂ ಕೂತೆವು. ರಾತ್ರಿಯಿಡೀ ನಿಂತ ಎಂಜಿನ್ ಪೂರ್ತಿ ತಣ್ಣಗಾಗಿತ್ತು. ಈ ಕೆಲಸಕ್ಕೆ ಅದು ಬೇಕೇಬೇಕು. ಕೆಳಗೆ ಬುಟ್ಟಿ ಇಟ್ಟು, ರೇಡಿಯೇಟರ್ ಅಡಿಯ ಪ್ಲಾಸ್ಟಿಕ್ ತಿರುಪನ್ನು ಮೆಲ್ಲಗೆ ಸಡಿಲಿಸಿದೆ. ಹಸಿರು ಕೋಲಂಟ್ ಬರಬೇಕಿತ್ತು. ಬಂದದ್ದು ಹುಣಸೆಹಣ್ಣು ಕಿವುಚಿದ ನೀರಿನಂಥದ್ದು.

ಅಪ್ಪ ಬಹಳ ಹೊತ್ತು ನೋಡಿದರು. "ಇದು ನಾ ಹಾಕಿದ ನೀರೇನೋ ತಮ್ಮಾ?"

"ಹನ್ನೆರಡು ವರ್ಷದ ಕಾರಲ್ರೀ ಅಪ್ಪಾ, ತುಕ್ಕು ಇರೂದ" ಎಂದೆ. ಅವರು ನಂಬಲಿಲ್ಲ ಅನಿಸುತ್ತದೆ.

ಮಾತು ಬದಲಿಸಲೆಂದೋ ಏನೋ, ಹೊಸ ಕೋಲಂಟ್ ಕ್ಯಾನ್ ಎತ್ತಿ, "ಆಂಟಿಫ್ರೀಜ್ ಅಂತ ಬರ್ದಾರ. ಪುಣೆದಾಗ ಹಿಮಾ ಬೀಳ್ತೈತೇನು?" ಎಂದರು. ಕೇಳಬೇಕಾದ ಪ್ರಶ್ನೆಯೇ. ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್. ಅರ್ಧ ಅದು, ಅರ್ಧ ನೀರು ಬೆರೆಸಿದರೆ 100 ಡಿಗ್ರಿಯ ಬದಲು ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಬಿಗಿ ಮುಚ್ಚಳದ ಒತ್ತಡದಲ್ಲಿ ಇನ್ನೂ ಮೇಲೆ. ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ನಮ್ಮ ಬಿಸಿಲಿಗೆ ಬೇಕಾದ್ದು ಇವೆರಡೇ. ನಲ್ಲಿ ನೀರಿನ ಸುಣ್ಣ ಮಾತ್ರ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತದೆ.

ತಿರುಪು ಬಿಗಿದು, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಫ್ಯಾನ್ ತಿರುಗುವ ತನಕ ಎಂಜಿನ್ ಓಡಿಸಿದೆವು. ಥರ್ಮೋಸ್ಟಾಟ್ ತೆರೆಯದಿದ್ದರೆ ಎಂಜಿನ್ ಒಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ತಣ್ಣಗಾಗಲು ಬಿಟ್ಟು, ಮತ್ತೆ ಇಳಿಸಿದೆವು. ಮೂರನೆಯ ಸಲಕ್ಕೆ ನೀರು ತಿಳಿಯಾಯಿತು, ಅಷ್ಟರಲ್ಲಿ ಸಂಜೆಯಾಗಿತ್ತು. ವಾಚ್‌ಮನ್ ಎರಡು ಸಲ ಬಂದು "ಕಾಕಾ, ಗಾಡಿ ಬಿಘಡ್ಲಿ ಕಾ?" ಎಂದು ಕೇಳಿ ಹೋದ. ನಡುವೆ ಅಪ್ಪನ ಬೆರಳಿಗೇ ಸಿಕ್ಕಿದ್ದು, ಕೆಳಗಿನ ಪೈಪಿನ ಸಡಿಲ ಕ್ಲಿಪ್ಪು. ದಿನಾ ನೀರು ಕಡಿಮೆಯಾಗುತ್ತಿದ್ದುದು ಅಲ್ಲಿಂದ.

ಎಷ್ಟು ಇಳಿಸಿದರೂ ಎಂಜಿನ್ ಒಳಗೆ ಸ್ವಲ್ಪ ನೀರು ಉಳಿದೇ ಇರುತ್ತದೆ. ಆದ್ದರಿಂದ ನೀರು ಬೆರೆಸದ ಕೋಲಂಟನ್ನು ಕಾರಿನ ಒಟ್ಟು ಅಳತೆಯ ಅರ್ಧದಷ್ಟು ಮೊದಲು ಸುರಿದು, ಉಳಿದದ್ದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಗುಳ್ಳೆಗಳು ಮಾತ್ರ ನಿಲ್ಲಲೊಲ್ಲವು. "ಇಳಿಜಾರಿನ್ಯಾಗ ಮೂತಿ ಮ್ಯಾಲ ಮಾಡಿ ನಿಲ್ಲಸು, ಗಾಳಿ ತಾನ ಹೊರಗ ಬರ್ತೈತಿ" ಎಂದರು ಅಪ್ಪ. ಪಾರ್ಕಿಂಗಿನ ರ‍್ಯಾಂಪಿನಲ್ಲಿ ಹಾಗೇ ನಿಲ್ಲಿಸಿದೆ. ಗುಳುಗುಳು ಎಂದು ಬಂತು. ಯೂಟ್ಯೂಬಿನಲ್ಲಿ ನಾನು ನೋಡಿದ ಮೂರು ವಿಡಿಯೋಗಳಲ್ಲೂ ಇದಿರಲಿಲ್ಲ.

ಹಳೆಯದನ್ನು ಗಟಾರಕ್ಕೆ ಚೆಲ್ಲುವಂತಿಲ್ಲ. ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಇದನ್ನು ಕೇಳಿದ್ದೇ ತಡ, ನಾನು ಕ್ಯಾನ್ ಹುಡುಕಿ ತರುವವರೆಗೆ ಅಪ್ಪ ಕುರ್ಚಿ ಹಾಕಿಕೊಂಡು ಬುಟ್ಟಿ ಕಾದರು. ಮರುದಿನ ಪರಿಚಯದ ಗ್ಯಾರೇಜಿನವರು ತೆಗೆದುಕೊಂಡರು.

ಈಗಲೂ ಬೆಳಿಗ್ಗೆ ಬಾನೆಟ್ ತೆಗೆಯುತ್ತಾರೆ. ಡಬ್ಬಿಯ ಗೆರೆ ನೋಡಿ ಮುಚ್ಚುತ್ತಾರೆ. ಡಿಕ್ಕಿಯಲ್ಲಿ ಉಳಿದ ಡಿಸ್ಟಿಲ್ಡ್ ವಾಟರ್ ಕ್ಯಾನಿದೆ. ಅದರ ಮೇಲೆ ಮೊಮ್ಮಗಳ ಸ್ಕೆಚ್ ಪೆನ್ನಿನಿಂದ ಅವರೇ ಬರೆದಿದ್ದಾರೆ: "ಕಾರಿಂದು. ನಲ್ಲಿ ನೀರ ಹಾಕಬಾರದು."